ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅನ್ನು ಮನೆ ನೆಟ್‌ವರ್ಕ್‌ಗೆ ಸೇರಿಸುವುದು ಹೇಗೆ?

ಮೈಸೂರು48ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಇಟ್ಟುಕೊಂಡಿದ್ದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಈಗ ನನ್ನ ಕೈಗೆ ಬಂದಿದೆ. ಗೊತ್ತಿಲ್ಲದವರಿಗೆ ಒಂದು ಮಾತು: ಸಿಂಕ್ಲೇರ್ ಅವರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಮನೆ ಕಂಪ್ಯೂಟರ್ 1982ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಅದರ ಪ್ಲಸ್ ಮಾದರಿಯನ್ನು ಲೈಸೆನ್ಸ್ ತೆಗೆದುಕೊಂಡು ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್‌ನವರು 1988ರಿಂದ ನಮ್ಮ ದೇಶದಲ್ಲಿ ಮಾರಿದರು. ಝಡ್80 ಪ್ರೊಸೆಸರ್, 3.5 ಮೆಗಾಹರ್ಟ್ಸ್, 48 ಕೆ ಮೆಮೊರಿ, ಅಷ್ಟೇ.

ಆನ್ ಆಗುತ್ತದೆ. ಕೀಗಳೆಲ್ಲ ಕೆಲಸ ಮಾಡುತ್ತವೆ. ಕ್ಯಾಸೆಟ್ಟಿನಿಂದ ಲೋಡ್ ಕೂಡ ಆಗುತ್ತದೆ, ಆದರೆ 48 ಕೆ ತುಂಬುವ ಒಂದು ಗೇಮ್‌ಗೆ ಐದು ನಿಮಿಷ ಕಾಯಬೇಕು, ಅದೂ ಟೇಪು ಚೆನ್ನಾಗಿದ್ದರೆ. ಮನೆಯಲ್ಲಿ ಫೈಬರ್ ಇದೆ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದು ಸದಾ ಆನ್ ಇರುತ್ತದೆ. ಪೈನಲ್ಲಿ ಇಟ್ಟ ಫೈಲುಗಳನ್ನು ಸ್ಪೆಕ್ಟ್ರಮ್ ನೇರವಾಗಿ ಓದಬೇಕು, ಇದು ಮುಖ್ಯ ಆಸೆ. ಆಮೇಲೆ ಆದರೆ, ಆ ಪರದೆಯ ಮೇಲೆ ನಾಲ್ಕು ಸಾಲು ಕನ್ನಡ ಸುದ್ದಿ ಬರಬೇಕು. ಎಲ್ಲಿಂದ ಶುರು ಮಾಡಲಿ?

ಬೆಸುಗೆಕಡ್ಡಿ

ಸರ್, ನೆಟ್‌ವರ್ಕ್ ಆಮೇಲೆ. ಮೊದಲು ಕರೆಂಟು.

ಇದಕ್ಕೆ ಬೇಕಾಗಿರುವುದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಪ್ಲಗ್ಗಿನ ನಡುವಿನ ತೂತು ನೆಗೆಟಿವ್, ಹೊರಗಿನ ಸುತ್ತು ಪಾಸಿಟಿವ್. ಅಂಗಡಿಯಲ್ಲಿ ಸಿಗುವ 9 ವೋಲ್ಟ್ ಅಡಾಪ್ಟರುಗಳಲ್ಲಿ ಜಾಸ್ತಿ ಪಾಲು ಇದರ ಉಲ್ಟಾ ಇರುತ್ತವೆ. ಪ್ಲಗ್ ಸರಿಯಾಗಿ ಕೂತಿತು ಅಂತ ಸ್ವಿಚ್ ಹಾಕಬೇಡಿ, ಮೀಟರ್ ಇಟ್ಟು ನೋಡಿ.

ಎರಡನೆಯದು ಹಿಂದುಗಡೆಯ ಎಡ್ಜ್ ಕನೆಕ್ಟರ್. ಬೋರ್ಡಿನ ಅಂಚಿನಲ್ಲೇ ಮೇಲೆ 28, ಕೆಳಗೆ 28 ತಾಮ್ರದ ಪಟ್ಟಿಗಳಿವೆ. ಐದನೇ ಜಾಗದಲ್ಲಿ ಒಂದು ಕಚ್ಚು ಇದೆ. ಹೊರಗಿನಿಂದ ಬರುವ ಯಾವ ಕಾರ್ಡಿಗೂ ಆ ಐದನೇ ಜಾಗದಲ್ಲಿ ಅಡ್ಡಪಟ್ಟಿ ಇರಲೇಬೇಕು. ಅದು ಇಲ್ಲದೆ ಇದ್ದರೆ ಕಾರ್ಡು ಒಂದು ಪಟ್ಟಿ ಆಚೆಗೋ ಈಚೆಗೋ ಸರಿದು ಕೂರುತ್ತದೆ, ಪಕ್ಕಪಕ್ಕದ ವೋಲ್ಟೇಜುಗಳು ಸೇರಿಕೊಳ್ಳುತ್ತವೆ. ಮೊದಲು ಹೋಗುವುದು ಟಿಆರ್4 ಅನ್ನುವ ಸಣ್ಣ ಟ್ರಾನ್ಸಿಸ್ಟರ್. ಅದು ಸುಮ್ನೆ ಹೋದರೆ ಪರವಾಗಿಲ್ಲ, ಆದರೆ ಆ ಸರ್ಕ್ಯೂಟೇ 12 ವೋಲ್ಟ್ ಮತ್ತು ಮೈನಸ್ 5 ವೋಲ್ಟ್ ಹುಟ್ಟಿಸುವುದು. ಕೆಳಗಿನ 16 ಕೆ ಮೆಮೊರಿಯ ಎಂಟು 4116 ಚಿಪ್‌ಗಳಿಗೆ ಮೂರೂ ವೋಲ್ಟೇಜ್ ಬೇಕು. ಮೈನಸ್ 5 ಇಲ್ಲದೆ ಅವುಗಳಿಗೆ ಉಳಿದ ಕರೆಂಟು ಹೋದರೆ ಅವೂ ಸಾಯುತ್ತವೆ. ಒಂದು ಟ್ರಾನ್ಸಿಸ್ಟರ್ ಹೋಯಿತು ಅಂದುಕೊಂಡು ತೆರೆದರೆ ಅರ್ಧ ಮೆಮೊರಿ ಸಾಲೇ ಹೋಗಿರುತ್ತದೆ.

ಆದ್ದರಿಂದ ಆನ್ ಇರುವಾಗ ಯಾವ ಕಾರಣಕ್ಕೂ ಕಾರ್ಡ್ ಹಾಕಬೇಡಿ, ತೆಗೆಯಬೇಡಿ. ಈ ಮೆಷಿನ್ನಿನಲ್ಲಿ ಪವರ್ ಸ್ವಿಚ್ಚೂ ಇಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಹಿಂದುಗಡೆ ಕೈ ಹಾಕಿ.

ಒಳಗಿನ 7805 ರೆಗ್ಯುಲೇಟರ್ ಮೊದಲೇ ಬಿಸಿ. ನೆಟ್‌ವರ್ಕ್ ಕಾರ್ಡು ಹಾಕಿದರೆ ಇನ್ನೂ ಬಿಸಿಯಾಗುತ್ತದೆ. ಅದೇ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಸಿಗುತ್ತದೆ, ಅದೇ ತೂತಿಗೆ ಕೂರುತ್ತದೆ. ಹಾಕಿಸಿಬಿಡಿ.

ಎಸ್‌ಪಿರೋಡ್‌ಹುಡುಗ

ಬೆಸುಗೆ ಅಣ್ಣ ಹೇಳಿದ್ದಕ್ಕೆ ನನ್ನ ಓಟು.

ಖರ್ಚು ಕಡಿಮೆ ಬೇಕಾದರೆ ಇಎಸ್‌ಪಿ8266 ಅನ್ನುವ ಪುಟ್ಟ ವೈಫೈ ಬೋರ್ಡ್. ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅದರೊಳಗೆ ಮೋಡೆಮ್ ಫರ್ಮ್‌ವೇರ್ ಹಾಕಿದರೆ ಹಳೇ ಕಂಪ್ಯೂಟರಿಗೆ ಅದು ಟೆಲಿಫೋನ್ ಮೋಡೆಮ್ ಥರ ಕಾಣುತ್ತದೆ. 1981ರ ಹೇಯ್ಸ್ ಮೋಡೆಮ್ಮಿನ ಅದೇ ಎಟಿ ಕಮಾಂಡುಗಳು. ಎಟಿಡಿಟಿ ಅಂತ ಬರೆದು ಮುಂದೆ ಫೋನ್ ನಂಬರಿನ ಬದಲು ಸರ್ವರ್ ಹೆಸರು ಕೊಟ್ಟರೆ ಆಯಿತು, ಅದು ಟೆಲ್ನೆಟ್ ಸಂಪರ್ಕ ಮಾಡಿಕೊಡುತ್ತದೆ.

ನೆನಪಿಡಿ, ಅದು 2.4 ಗಿಗಾಹರ್ಟ್ಸ್ ಮಾತ್ರ ನೋಡುತ್ತದೆ. ರೂಟರಿನಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇದ್ದರೆ, ಅಥವಾ ವೈಫೈ ಭದ್ರತೆಯನ್ನು ಡಬ್ಲ್ಯೂಪಿಎ3 ಮಾತ್ರ ಅಂತ ಇಟ್ಟಿದ್ದರೆ ತಕರಾರು ಮಾಡುತ್ತದೆ. ಗೆಸ್ಟ್ ನೆಟ್‌ವರ್ಕ್ ಒಂದನ್ನು 2.4ನಲ್ಲಿ, ಡಬ್ಲ್ಯೂಪಿಎ2 ಇಟ್ಟು ಬೇರೆ ಹೆಸರಿನಲ್ಲಿ ತೆರೆಯಿರಿ.

ಕರಾವಳಿಕೋಡ್

@ಎಸ್‌ಪಿರೋಡ್‌ಹುಡುಗ, ಇದು ಬೇರೆ ಕಂಪ್ಯೂಟರುಗಳಿಗೆ ಸರಿ. 48 ಕೆ ಸ್ಪೆಕ್ಟ್ರಮ್‌ಗೆ ಸೀರಿಯಲ್ ಪೋರ್ಟೇ ಇಲ್ಲವಲ್ಲ. ಸೀರಿಯಲ್ ಬೇಕಾದರೆ ಸಿಂಕ್ಲೇರ್ ಅವರ 1983ರ ಇಂಟರ್‌ಫೇಸ್ 1 ಬೇಕು. ಸಿಕ್ಕಿದರೂ ಅದರಲ್ಲಿ ಸೀರಿಯಲ್‌ಗೆ ಅಂತ ಬೇರೆ ಚಿಪ್ ಇಲ್ಲ, ಒಂದೊಂದು ಬಿಟ್ಟನ್ನೂ ಝಡ್80ಯೇ ಎಣಿಸಬೇಕು. ಎದುರಿನವರು ಎಡೆಬಿಡದೆ ಕಳಿಸಿದರೆ ಅಕ್ಷರಗಳು ಬಿದ್ದುಹೋಗುತ್ತವೆ. ಮೇಲೆ ಇಎಸ್‌ಪಿಯ 3.3 ವೋಲ್ಟಿಗೂ ಆ ಸೀರಿಯಲ್ ಪೋರ್ಟಿನ ಆರ್‌ಎಸ್232 ವೋಲ್ಟೇಜಿಗೂ ನಡುವೆ ಮ್ಯಾಕ್ಸ್3232 ಚಿಪ್ ಬೇಕು. ಇಂಟರ್‌ಫೇಸ್ 1ರಲ್ಲಿ ಒಂದು ಸಂತೋಷದ ವಿಷಯ ಇದೆ: ಅದರಲ್ಲೇ ಝಡ್‌ಎಕ್ಸ್ ನೆಟ್ ಅಂತ ಒಂದು ನೆಟ್‌ವರ್ಕ್ ಇತ್ತು, 3.5 ಮಿಮೀ ಜಾಕಿನ ವೈರು ಹಾಕಿ 64 ಸ್ಪೆಕ್ಟ್ರಮ್‌ಗಳನ್ನು ಸಾಲಾಗಿ ಸೇರಿಸಬಹುದಿತ್ತು. ಈ ಮೆಷಿನ್ನಿಗೆ ನೆಟ್‌ವರ್ಕ್ ಹೊಸದಲ್ಲ.

@ಮೈಸೂರು48ಕೆ, ನಿಮ್ಮ ಕೆಲಸಕ್ಕೆ ಸ್ಪೆಕ್ಟ್ರಾನೆಟ್ ತೆಗೆದುಕೊಳ್ಳಿ. ಎಡ್ಜ್ ಕನೆಕ್ಟರಿಗೆ ಕೂರುವ ಈಥರ್ನೆಟ್ ಕಾರ್ಡ್. ಅದರ ಒಳಗಿರುವ ಡಬ್ಲ್ಯೂ5100 ಚಿಪ್ಪಿನಲ್ಲೇ ಟಿಸಿಪಿ, ಯುಡಿಪಿ, ಐಪಿ ಎಲ್ಲ ಇದೆ. ಒಟ್ಟಿಗೆ ನಾಲ್ಕು ಸಾಕೆಟ್ ತೆರೆಯಬಹುದು, 16 ಕೆ ಬಫರ್ ಇದೆ. 10 ಮತ್ತು 100 ಎರಡೂ ವೇಗಕ್ಕೆ ಒಗ್ಗುತ್ತದೆ, ಹಾಗಾಗಿ ಇವತ್ತಿನ ಗಿಗಾಬಿಟ್ ರೂಟರಿಗೆ ಕೇಬಲ್ ಚುಚ್ಚಿದರೆ ಲಿಂಕ್ ಬರುತ್ತದೆ. ಅಡ್ರೆಸ್ಸನ್ನು ಡಿಎಚ್‌ಸಿಪಿಯಿಂದ, ಅಂದರೆ ರೂಟರಿನಿಂದ, ತಾನೇ ಪಡೆಯುತ್ತದೆ.

ಫೈಲುಗಳಿಗೆ ಟಿಎನ್‌ಎಫ್‌ಎಸ್ ಅಂತ ಒಂದು ಪುಟ್ಟ ಪ್ರೋಟೋಕಾಲ್ ಇದೆ. ವಿಂಡೋಸಿನ ಷೇರ್ಡ್ ಫೋಲ್ಡರ್ ಥರದ್ದನ್ನೆಲ್ಲ 8 ಬಿಟ್ ಮೆಷಿನ್ ನಿಭಾಯಿಸಲಾರದು, ಅದಕ್ಕೇ ಇದನ್ನು ಇಷ್ಟು ಸರಳವಾಗಿ ಮಾಡಿದ್ದಾರೆ. ಪೈನಲ್ಲಿ ಟಿಎನ್‌ಎಫ್‌ಎಸ್‌ಡಿ ಅನ್ನುವ ಸರ್ವರ್ ಓಡಿಸಿ, ಒಂದು ಫೋಲ್ಡರ್ ತೋರಿಸಿ. ಯುಡಿಪಿ ಪೋರ್ಟ್ 16384. ಸ್ಪೆಕ್ಟ್ರಮ್ಮಿನ ಬೇಸಿಕ್ಕಿನಲ್ಲಿ ಶೇಕಡಾ ಚಿಹ್ನೆಯಿಂದ ಶುರುವಾಗುವ ಹೊಸ ಕಮಾಂಡುಗಳು ಬಂದಿರುತ್ತವೆ: %ಮೌಂಟ್ ಕೊಟ್ಟು ಪೈನ ಅಡ್ರೆಸ್, %ಕ್ಯಾಟ್ ಕೊಟ್ಟರೆ ಫೈಲುಗಳ ಪಟ್ಟಿ, %ಲೋಡ್ ಕೊಟ್ಟರೆ ಪ್ರೋಗ್ರಾಮ್. %ಟೇಪ್‌ಇನ್ ಅಂದರೆ ಒಂದು ಟ್ಯಾಪ್ ಫೈಲನ್ನು (ಕ್ಯಾಸೆಟ್ಟಿನಲ್ಲಿರುವುದರ ಫೈಲ್ ರೂಪ) ಕ್ಯಾಸೆಟ್ ಅಂತ ನಂಬಿಸುತ್ತದೆ, ಆಮೇಲೆ ಮಾಮೂಲಿ ಲೋಡ್ ಕಮಾಂಡೇ ಸಾಕು. ಐದು ನಿಮಿಷದ ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ.

ಅರವತ್ತೈದು_ಹತ್ತು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಡಬ್ಲ್ಯೂ5100 ಹಾಕಿದರೆ ನೆಟ್‌ವರ್ಕ್ ಕೆಲಸ ಮಾಡುವುದು ಆ ಚಿಪ್ಪು, ಸ್ಪೆಕ್ಟ್ರಮ್ ಅಲ್ಲ. ಇಎಸ್‌ಪಿ8266 ಇನ್ನೂ ಹೆಚ್ಚು, 80 ಮೆಗಾಹರ್ಟ್ಸಿನ 32 ಬಿಟ್ ಕಂಪ್ಯೂಟರ್ ಅದು, ಅದರ ಮುಂದೆ ನಮ್ಮ ಹಳೇ ಮೆಷಿನ್ ಬರೀ ಕೀಬೋರ್ಡು ಪರದೆ ಆಗಿಬಿಡುತ್ತದೆ.

ನನ್ನ ಹತ್ತಿರ ಕಮೊಡೋರ್ 64 ಇದೆ. ಅದರಲ್ಲಿ ಸಿಎಸ್8900ಎ ಚಿಪ್ಪಿನ ಈಥರ್ನೆಟ್ ಕಾರ್ಡು ಹಾಕಿದ್ದೇನೆ. ಆ ಚಿಪ್ಪಿಗೆ ಐಪಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಬಂದ ಫ್ರೇಮನ್ನು ಕೊಡುತ್ತದೆ, ಕೊಟ್ಟ ಫ್ರೇಮನ್ನು ಕಳಿಸುತ್ತದೆ. ಚೆಕ್‌ಸಮ್, ಎಆರ್‌ಪಿ (ಐಪಿ ಅಡ್ರೆಸ್ ಯಾವ ಕಾರ್ಡಿನದು ಅಂತ ಕೇಳಿ ಹೇಳುವ ಪ್ರೋಟೋಕಾಲ್), ಟಿಸಿಪಿ, ಎಲ್ಲವನ್ನೂ 1 ಮೆಗಾಹರ್ಟ್ಸಿನ 6510 ಪ್ರೊಸೆಸರ್, ಅಂದರೆ 6502ರ ತಮ್ಮ, ತಾನೇ ಮಾಡುತ್ತದೆ. ಇದು ಸಾಧ್ಯ ಅಂತ ತೋರಿಸಿದ್ದು ಸ್ವೀಡನ್ನಿನ ಆ್ಯಡಮ್ ಡಂಕೆಲ್ಸ್. ಅವರ ಯುಐಪಿ ಕೆಲವೇ ಕಿಲೋಬೈಟಿನಲ್ಲಿ ಪೂರ್ತಿ ಟಿಸಿಪಿ/ಐಪಿ ಕೂರಿಸಿತು. 2003ರ ಕಾಂಟಿಕಿ ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಕಮೊಡೋರ್ 64 ವೆಬ್ ಸರ್ವರೂ ಆಯಿತು, ಬ್ರೌಸರೂ ಆಯಿತು. ಅದೇ ಕೋಡಿನ ವಂಶ ಆಮೇಲೆ ಎಷ್ಟೋ ಸಣ್ಣ ಸೆನ್ಸರುಗಳಲ್ಲಿ ಓಡಿತು. ನನ್ನ ಪ್ರಕಾರ ಹಳೇ ಕಂಪ್ಯೂಟರನ್ನು ನೆಟ್‌ವರ್ಕಿಗೆ ಸೇರಿಸುವುದು ಅಂದರೆ ಅದು.

ಒಂದು ಎಚ್ಚರಿಕೆ: ಸಿಎಸ್8900ಎ ಬರೀ 10 ಮೆಗಾಬಿಟ್. ಹೊಸ ರೂಟರುಗಳ 2.5 ಗಿಗಾಬಿಟ್ ಪೋರ್ಟುಗಳಲ್ಲಿ ಎಷ್ಟೋ 10ಕ್ಕೆ ಇಳಿಯುವುದೇ ಇಲ್ಲ. ನಡುವೆ ಒಂದು ಹಳೇ 10/100 ಸ್ವಿಚ್ ಇಡಿ.

ಕರಾವಳಿಕೋಡ್

> ನೆಟ್‌ವರ್ಕ್ ಕೆಲಸ ಮಾಡುವುದು ಆ ಚಿಪ್ಪು, ಸ್ಪೆಕ್ಟ್ರಮ್ ಅಲ್ಲ

ಕಾಂಟಿಕಿಯ ಮೇಲೆ ನನಗೂ ಅಷ್ಟೇ ಗೌರವ ಇದೆ. ಆದರೆ ನಿಮ್ಮ ಕಮೊಡೋರ್ ಇವತ್ತು ಯಾವ ಸೈಟು ತೆರೆಯುತ್ತದೆ ಹೇಳಿ. ಎಲ್ಲ ಕಡೆ ಎಚ್‌ಟಿಟಿಪಿಎಸ್ ಬಂದಿದೆ. ಆ ಗೂಢಲಿಪಿಯ ಲೆಕ್ಕವನ್ನು 1 ಮೆಗಾಹರ್ಟ್ಸಿನಲ್ಲಿ ಮಾಡುತ್ತಾ ಕೂತರೆ ಎದುರಿನ ಸರ್ವರ್ ಕಾಯದೆ ಸಂಪರ್ಕ ಕಡಿದುಬಿಡುತ್ತದೆ. ಕೊನೆಗೆ ನೀವೂ ನಡುವೆ ಆ ಕೆಲಸ ಮಾಡಿಕೊಡುವ ಒಂದು ಪ್ರಾಕ್ಸಿ ಇಡಲೇಬೇಕು. ಅಂದಮೇಲೆ ಸ್ವಲ್ಪ ಕೆಲಸ ಹೊರಗೆ ಕೊಡುವುದು ತಪ್ಪಲ್ಲ, ಯಾವ ಕೆಲಸ ಕೊಡುತ್ತೇವೆ ಅನ್ನುವುದನ್ನು ನಾವು ಆರಿಸಬೇಕು. ಸ್ಪೆಕ್ಟ್ರಾನೆಟ್‌ನಲ್ಲಿ ಪ್ಯಾಕೆಟ್ ಕಟ್ಟುವುದು ಮಾತ್ರ ಹೊರಗಿನದು. ಸಾಕೆಟ್ ತೆರೆಯುವ, ಬಂದದ್ದನ್ನು ಓದಿ ಪರದೆಗೆ ಹಾಕುವ ಪ್ರೋಗ್ರಾಮು ಝಡ್80ನಲ್ಲೇ ಓಡುತ್ತದೆ, ಅದನ್ನು ನೀವೇ ಬರೆಯಬೇಕು.

ಅರವತ್ತೈದು_ಹತ್ತು

ಎಚ್‌ಟಿಟಿಪಿಎಸ್ ವಿಷಯ ಒಪ್ಪಿದೆ. ನಾನೂ ಫ್ರಾಗ್‌ಫೈಂಡ್ ಥರದ ಸೇವೆ ಬಳಸುತ್ತೇನೆ, ಪುಟವನ್ನು ಬರೀ ಅಕ್ಷರಕ್ಕೆ ಇಳಿಸಿ ಸಾದಾ ಎಚ್‌ಟಿಟಿಪಿಯಲ್ಲಿ ಕೊಡುತ್ತದೆ. ಆದರೂ ಕಲಿಯುವವರು ಒಂದು ಸಲವಾದರೂ ಎಆರ್‌ಪಿ ಉತ್ತರವನ್ನು 6502 ಅಸೆಂಬ್ಲಿಯಲ್ಲಿ ತಾವೇ ಬರೆದು ನೋಡಲಿ. ಪೈನಿಂದ ಪಿಂಗ್ ಮಾಡಿದಾಗ 40 ವರ್ಷದ ಮೆಷಿನ್ ತಿರುಗಿ ಉತ್ತರ ಕೊಡುತ್ತದಲ್ಲ, ಅದನ್ನು ನೋಡಿದವರು ಬಿಡುವುದಿಲ್ಲ.

ಮೈಸೂರು48ಕೆ

ಎಷ್ಟು ವಿವರವಾಗಿ ಬರೆದಿದ್ದೀರಿ, ತುಂಬಾ ಧನ್ಯವಾದ. ಅಡಾಪ್ಟರ್ ಮೀಟರಿನಲ್ಲಿ ನೋಡಿದೆ, ನಡುವೆ ನೆಗೆಟಿವ್ ಸರಿ ಇದೆ. ಮುಚ್ಚಳ ತೆರೆದೆ, 4116 ಎಂಟೂ ಇವೆ.

ಸ್ಪೆಕ್ಟ್ರಾನೆಟ್‌ಗೇ ಹೋಗುತ್ತೇನೆ. ಆದರೆ ರೂಟರ್ ಕೆಳಗೆ ಹಾಲಿನಲ್ಲಿ, ಸ್ಪೆಕ್ಟ್ರಮ್ ಮೇಲಿನ ರೂಮಿನಲ್ಲಿ. ಗೋಡೆ ಕೊರೆಯಲು ಮನೆಯಲ್ಲಿ ಒಪ್ಪುವುದಿಲ್ಲ.

ಎಸ್‌ಪಿರೋಡ್‌ಹುಡುಗ

ಹಳೇ ರೂಟರ್ ಮನೆಯಲ್ಲಿ ಒಂದಾದರೂ ಬಿದ್ದಿರುತ್ತದೆ ಅಲ್ವಾ? ಅದನ್ನು ಕ್ಲೈಂಟ್ ಅಥವಾ ಬ್ರಿಡ್ಜ್ ಮೋಡಿಗೆ ಹಾಕಿ. ಅದು ವೈಫೈಯಲ್ಲಿ ಕೆಳಗಿನ ರೂಟರಿಗೆ ಸೇರುತ್ತದೆ, ಅದರ ಲ್ಯಾನ್ ಪೋರ್ಟಿನಿಂದ ಒಂದಡಿ ಕೇಬಲ್ ಸ್ಪೆಕ್ಟ್ರಾನೆಟ್‌ಗೆ. ಪಾಸ್‌ವರ್ಡ್, ಡಬ್ಲ್ಯೂಪಿಎ ಎಲ್ಲ ಹಳೇ ರೂಟರಿನ ತಲೆನೋವು. ಬೋರ್ಡಿನ ಮೇಲೆ ಒಂದು ಬೆಸುಗೆಯೂ ಬೇಡ.

ಮ್ಯಾಂಚೆಸ್ಟರ್_ಕನ್ನಡತಿ

ಓದುತ್ತಾ ಇದ್ದೆ, ಒಂದು ಮಾತು ಸೇರಿಸಲೇಬೇಕು ಅನ್ನಿಸಿತು. ಮೇಲೆ ಗೆಸ್ಟ್ ನೆಟ್‌ವರ್ಕ್ ಅಂದರಲ್ಲ, ಜಾಸ್ತಿ ರೂಟರುಗಳಲ್ಲಿ ಗೆಸ್ಟ್‌ನಲ್ಲಿರುವ ಉಪಕರಣಗಳು ಮನೆಯ ಬೇರೆ ಉಪಕರಣಗಳನ್ನು ನೋಡಲು ಬಿಡುವುದಿಲ್ಲ. ಸ್ಪೆಕ್ಟ್ರಮ್ ಗೆಸ್ಟ್‌ನಲ್ಲಿ, ಪೈ ಮುಖ್ಯ ನೆಟ್‌ವರ್ಕಿನಲ್ಲಿ ಇದ್ದರೆ ಟಿಎನ್‌ಎಫ್‌ಎಸ್ ಸಿಗುವುದೇ ಇಲ್ಲ, ಮತ್ತೆ ನೀವು ಕಾರ್ಡನ್ನು ಬೈಯುತ್ತಾ ಕೂರುತ್ತೀರಿ. ಎರಡನ್ನೂ ಒಂದೇ ಕಡೆ ಇಡಿ.

ಇನ್ನೊಂದು: ಟಿಎನ್‌ಎಫ್‌ಎಸ್‌ನಲ್ಲಿ ಗೂಢಲಿಪಿ ಇಲ್ಲ. 16384 ಪೋರ್ಟನ್ನು ರೂಟರಿನಲ್ಲಿ ಹೊರಗೆ ತೆರೆಯಬೇಡಿ. ಪೈನಲ್ಲಿ ಬೇರೆ ಯೂಸರ್ ಮಾಡಿ, ಅವನಿಗೆ ಆ ಒಂದು ಫೋಲ್ಡರ್ ಬಿಟ್ಟು ಬೇರೇನೂ ಕಾಣದ ಹಾಗೆ ಸರ್ವರ್ ಓಡಿಸಿ.

ನನ್ನ ಹತ್ತಿರ ಇರುವುದು ಬಿಬಿಸಿ ಮೈಕ್ರೋ. ಊರಲ್ಲಿ ಓದಿದವರಿಗೆ ಗೊತ್ತಿರಬಹುದು, 1984-85ರಲ್ಲಿ ಕ್ಲಾಸ್ ಯೋಜನೆ ಅಂತ ಶುರುವಾದಾಗ ದೇಶದ 250 ಶಾಲೆಗಳಿಗೆ ಹೋದದ್ದು ಇದೇ ಕಂಪ್ಯೂಟರ್. ಆಮೇಲೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇದನ್ನು ನಮ್ಮಲ್ಲೇ ತಯಾರಿಸಿದರು. ಇದಕ್ಕೆ, ಇದನ್ನು ಮಾಡಿದ ಏಕಾರ್ನ್‌ನವರದೇ ಎಕೊನೆಟ್ ಅನ್ನುವ ನೆಟ್‌ವರ್ಕ್ 80ರ ದಶಕದಲ್ಲೇ ಇತ್ತು. ಐದು ಪಿನ್ನಿನ ಡಿನ್ ಪ್ಲಗ್, ಎಲ್ಲರಿಗೂ ತಾಳ ಹಾಕುವ ಒಂದು ಕ್ಲಾಕ್ ಪೆಟ್ಟಿಗೆ, ವೈರಿನ ಎರಡು ತುದಿಯಲ್ಲಿ ಟರ್ಮಿನೇಟರ್, ಪ್ರತಿ ಮೆಷಿನ್ನಿಗೆ ಒಂದು ಸ್ಟೇಷನ್ ನಂಬರು. ಈಗ ರಾಸ್ಪ್‌ಬೆರಿ ಪೈ ಮೇಲೆ ಕೂರುವ ಎಕೊನೆಟ್ ಬೋರ್ಡ್ ಇದೆ. ಅದು ಆ ಹಳೇ ಫ್ರೇಮುಗಳನ್ನು ಯುಡಿಪಿ ಪೋರ್ಟ್ 32768ಕ್ಕೆ ತುಂಬಿ ಮನೆ ನೆಟ್‌ವರ್ಕಿಗೆ ಬಿಡುತ್ತದೆ. ಬಿಬಿಸಿಯಲ್ಲಿ *ಐ ಆ್ಯಮ್ ಅಂತ ಹೊಡೆದರೆ ಲಾಗಿನ್, *ಕ್ಯಾಟ್ ಅಂದರೆ ಫೈಲುಗಳು. ಅದರ ಮಟ್ಟಿಗೆ ಎದುರಿಗಿರುವುದು ಶಾಲೆಯ ಫೈಲ್ ಸರ್ವರೇ.

ಯಾರ ಹತ್ತಿರವಾದರೂ ಬಿಬಿಸಿ ಮೈಕ್ರೋ ಇದ್ದರೆ ದಯವಿಟ್ಟು ಆನ್ ಮಾಡುವ ಮುಂಚೆ ಪವರ್ ಸಪ್ಲೈ ತೆರೆದು ನೋಡಿ. ಮೈನ್ಸ್ ಕಡೆಯಲ್ಲಿ ಹಳದಿ ಪಾರದರ್ಶಕ ಹೊದಿಕೆಯ ಪೇಪರ್ ಕೆಪಾಸಿಟರುಗಳಿರುತ್ತವೆ. ವಯಸ್ಸಾದಂತೆ ಹೊದಿಕೆ ಬಿರುಕು ಬಿಟ್ಟು ತೇವ ಎಳೆದುಕೊಳ್ಳುತ್ತವೆ. ಕರೆಂಟು ಕೊಟ್ಟಾಗ ಮೊದಮೊದಲು ಸರಿಯಾಗೇ ಇರುತ್ತದೆ, ಆಮೇಲೆ ಒಂದು ಚಟ್ ಸದ್ದು, ರೂಮು ತುಂಬಾ ಕಂದು ಹೊಗೆ. ಬೆಲೆ ಕೆಲವೇ ರೂಪಾಯಿ, ಎಕ್ಸ್2 ಅಂತ ಗುರುತಿರುವ ಹೊಸದು ಹಾಕಿಸಿ. ಗೊತ್ತಿದ್ದವರ ಕೈಯಲ್ಲೇ ಹಾಕಿಸಿ, ಅಲ್ಲಿರುವುದು 230 ವೋಲ್ಟು.

ಬೆಸುಗೆಕಡ್ಡಿ

ಮೇಡಂ ಹೇಳಿದ್ದು ನೂರಕ್ಕೆ ನೂರು. ಕಮೊಡೋರ್ 64 ಇರುವವರೂ ಕೇಳಿ: ಹಳೇ ಪವರ್ ಪೆಟ್ಟಿಗೆ ಕೆಟ್ಟಾಗ ಸುಮ್ನೆ ನಿಲ್ಲುವುದಿಲ್ಲ, 5 ವೋಲ್ಟಿನ ಲೈನು ಮೇಲಕ್ಕೆ ಏರುತ್ತದೆ, ಮೆಮೊರಿ ಚಿಪ್ಪುಗಳನ್ನು ಕೊಲ್ಲುತ್ತದೆ. ಅದರ ಯೂಸರ್ ಪೋರ್ಟಿಗೆ ನೇರವಾಗಿ ಇಎಸ್‌ಪಿ8266 ಕಟ್ಟಬೇಡಿ, ಅದು 5 ವೋಲ್ಟ್, ಇದು 3.3.

ಮೈಸೂರು48ಕೆ

ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ. ಎಮ್ಯುಲೇಟರಿನಲ್ಲಿ (ಹೊಸ ಕಂಪ್ಯೂಟರಿನಲ್ಲಿ ಸ್ಪೆಕ್ಟ್ರಮ್ ಥರ ನಡೆಯುವ ಪ್ರೋಗ್ರಾಮು) ಒಂದು ಕನ್ನಡ ಸಾಲನ್ನು ಬೈಟುಗಳಾಗಿ ಪ್ರಿಂಟ್ ಮಾಡಿ ನೋಡಿದೆ. ಪರದೆ ತುಂಬಾ LPRINT SIN ಅಂತ ಬಂತು, ಅಂದರೆ ಎಲ್‌ಪ್ರಿಂಟ್ ಸೈನ್, ಎಲ್‌ಪ್ರಿಂಟ್ ಕಾಸ್. ಇದೇನು?

ಕರಾವಳಿಕೋಡ್

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಇವತ್ತು ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಸ್ಪೆಕ್ಟ್ರಮ್ಮಿನಲ್ಲಿ 165ರಿಂದ ಮೇಲಿನ ಸಂಖ್ಯೆಗಳೆಲ್ಲ ಬೇಸಿಕ್ಕಿನ ಪದಗಳು, ಒಂದೊಂದು ಪದಕ್ಕೆ ಒಂದೊಂದು ಬೈಟು. 224 ಅಂದರೆ ಎಲ್‌ಪ್ರಿಂಟ್, 178 ಸೈನ್, 179 ಕಾಸ್. ‘ಕ’ ಅಕ್ಷರದ ಮೂರನೇ ಬೈಟು 149, ಅದು ನಾವೇ ಚಿತ್ರ ಬರೆದುಕೊಳ್ಳಬಹುದಾದ ಯುಡಿಜಿ ಅಕ್ಷರಗಳಲ್ಲಿ ಎಫ್‌ನ ಜಾಗ. ಹಾಗಾಗಿ ‘ಕ’ ಅಂದರೆ ನಿಮ್ಮ ಮೆಷಿನ್ನಿಗೆ ‘ಎಲ್‌ಪ್ರಿಂಟ್ ಸೈನ್ ಎಫ್’.

ಯುಡಿಜಿಯಲ್ಲೇ ಕನ್ನಡ ಬರೆಯಲು ಹೋಗಬೇಡಿ. ಇರುವುದು 21, ಒಂದೊಂದೂ 8 ಸಾಲು 8 ಚುಕ್ಕಿ. ಒತ್ತಕ್ಷರ ಕೆಳಗೆ ಇಳಿಯಲು ಜಾಗವಿಲ್ಲ.

ಅಕ್ಷರ ಜೋಡಿಸುವ ಕೆಲಸ ಪೈಗೆ ಕೊಡಿ. ಪೈಥಾನ್‌ನಲ್ಲಿ ಚಿತ್ರ ಮಾಡುವ ಪಿಲ್ಲೋ ಲೈಬ್ರರಿ ಇದ್ದರೆ ಸಾಕು, ಆದರೆ ಅಕ್ಷರ ಜೋಡಿಸುವ ಲಿಬ್‌ರಾಕ್ಮ್ ಸೇರಿಸಿದ್ದೇ ಆಗಬೇಕು, ಇಲ್ಲದಿದ್ದರೆ ಒತ್ತಕ್ಷರ ಕೂಡುವುದಿಲ್ಲ, ‘ಅಕ್ಕ’ ಬಿಡಿಬಿಡಿಯಾಗಿ ಬರುತ್ತದೆ. 256 ಅಗಲ, 192 ಎತ್ತರದ ಕಪ್ಪು-ಬಿಳಿ ಚಿತ್ರ ಮಾಡಿ. ಸಾಲಿಗೆ 24 ಚುಕ್ಕಿ ಕೊಟ್ಟರೆ ಎಂಟು ಸಾಲು ಹಿಡಿಯುತ್ತದೆ. ಆಮೇಲೆ ಚುಕ್ಕಿಗಳನ್ನು ಸ್ಪೆಕ್ಟ್ರಮ್ಮಿನ ಕ್ರಮಕ್ಕೆ ತರಬೇಕು. ಪರದೆ ಶುರುವಾಗುವುದು 16384ರಲ್ಲಿ, ಆದರೆ ಎರಡನೇ ಗೆರೆ 32 ಬೈಟು ಆಚೆ ಇಲ್ಲ, 256 ಬೈಟು ಆಚೆ ಇದೆ. ಒಂಬತ್ತನೇ ಗೆರೆ ಬಂದು 32 ಆಚೆ ಕೂರುತ್ತದೆ. 64 ಗೆರೆಗೆ ಒಮ್ಮೆ 2048 ಹಾರುತ್ತದೆ. ಕ್ಯಾಸೆಟ್ಟಿನಿಂದ ಚಿತ್ರ ಲೋಡ್ ಆಗುವಾಗ ಗೆರೆಗಳು ಬಿಟ್ಟುಬಿಟ್ಟು ತುಂಬುತ್ತವಲ್ಲ, ಅದಕ್ಕೆ ಇದೇ ಕಾರಣ.

ಚುಕ್ಕಿಗಳಿಗೆ 6144 ಬೈಟು, ಬಣ್ಣಕ್ಕೆ 768. ಬಿಳಿ ಮೇಲೆ ಕಪ್ಪು ಬೇಕಾದರೆ ಬಣ್ಣದ ಬೈಟುಗಳೆಲ್ಲ 56. ಒಟ್ಟು 6912. ಇದಕ್ಕೆ ಟ್ಯಾಪ್ ಹೆಡರ್ ಸೇರಿಸಿದರೆ ಫೈಲು ಸರಿಯಾಗಿ 6937 ಬೈಟು ಬರಬೇಕು. ಬರಲಿಲ್ಲ ಅಂದರೆ ಚೆಕ್‌ಸಮ್ ಅಥವಾ ಉದ್ದದ ಬೈಟುಗಳನ್ನು ಮತ್ತೆ ನೋಡಿ. ಫೈಲನ್ನು ಟಿಎನ್‌ಎಫ್‌ಎಸ್ ಫೋಲ್ಡರಿಗೆ ಹಾಕಿ, %ಟೇಪ್‌ಇನ್ ಕೊಟ್ಟು, ಲೋಡ್ "" ಸ್ಕ್ರೀನ್$ ಅನ್ನಿ.

ಅರವತ್ತೈದು_ಹತ್ತು

ಆ ಗೆರೆ ಬದಲಿಸುವ ಕೆಲಸವನ್ನಾದರೂ ಝಡ್80ಗೆ ಬಿಡಿ! ಪೈ ನೇರ ಕ್ರಮದಲ್ಲೇ ಕಳಿಸಲಿ, ಸ್ಪೆಕ್ಟ್ರಮ್ ತಾನೇ ಜಾಗ ಲೆಕ್ಕ ಹಾಕಿ ಇಡಲಿ. ಅಸೆಂಬ್ಲಿಯಲ್ಲಿ ಚಿಕ್ಕ ರೊಟೀನು, ಹತ್ತಿಪ್ಪತ್ತು ಸೂಚನೆಯೊಳಗೆ ಆಗುತ್ತದೆ.

ಕರಾವಳಿಕೋಡ್

ಇದಕ್ಕೆ ನನ್ನದೂ ಹೌದು. ಮೊದಲು ಟ್ಯಾಪ್ ದಾರಿಯಲ್ಲಿ ಒಂದು ಪುಟ ಬರಲಿ, ಆಮೇಲೆ ಸಾಕೆಟ್ ತೆರೆದು ನೇರವಾಗಿ ಓದುವ ಪ್ರೋಗ್ರಾಮಿನಲ್ಲಿ ಹಾಗೇ ಮಾಡೋಣ. ಫಾಂಟ್ ಯಾವುದು ಬಳಸುತ್ತೀರಿ? ಕಪ್ಪು-ಬಿಳಿ ಎರಡೇ ಬಣ್ಣದಲ್ಲಿ, ಅಂಚು ನಯ ಮಾಡದೆ, 20 ಚುಕ್ಕಿ ಎತ್ತರಕ್ಕೆ ತೆಳು ಗೆರೆಯ ಫಾಂಟುಗಳು ಮುರಿಯುತ್ತವೆ. ಗುಬ್ಬಿ ಮತ್ತು ನೋಟೋ ಸ್ಯಾನ್ಸ್ ಎರಡರಲ್ಲೂ ಒಂದೇ ಪುಟ ಮಾಡಿ ಚಿತ್ರ ಹಾಕಿ, ತಲೆಕಟ್ಟು ಯಾವುದರಲ್ಲಿ ಉಳಿಯುತ್ತದೆ ನೋಡೋಣ.

ಮೈಸೂರು48ಕೆ

ಕಾರ್ಡು ಬರುವವರೆಗೆ ಎಮ್ಯುಲೇಟರಿನಲ್ಲೇ ಎರಡೂ ಮಾಡಿ ನೋಡುತ್ತೇನೆ. ಭಾನುವಾರದೊಳಗೆ ಚಿತ್ರ ಹಾಕುತ್ತೇನೆ, ಪೈಥಾನ್ ಕೋಡೂ ಜೊತೆಗೆ. @ಬೆಸುಗೆಕಡ್ಡಿ ಅಣ್ಣಾ, ಆ ಸ್ವಿಚಿಂಗ್ ರೆಗ್ಯುಲೇಟರ್ ಹಾಕುವಾಗ ಹಳೇ ಹೀಟ್‌ಸಿಂಕ್ ತಗಡು ಬಿಚ್ಚಿಡಬಹುದಾ, ಹಾಗೇ ಇರಲಿ ಅಂತೀರಾ?

ಬೆಸುಗೆಕಡ್ಡಿ

ಬಿಚ್ಚಿದರೂ ನಡೆಯುತ್ತದೆ, ಹೊಸದು ಅಷ್ಟು ಬಿಸಿಯಾಗುವುದಿಲ್ಲ. ಆದರೆ ತಗಡು, ಸ್ಕ್ರೂ, ಹಳೇ 7805 ಮೂರನ್ನೂ ಒಂದು ಕವರಿಗೆ ಹಾಕಿ ಹೆಸರು ಬರೆದು ಇಡಿ. ಮುಂದೆ ಯಾರಾದರೂ ಮೆಷಿನ್ನನ್ನು ಮೊದಲಿದ್ದ ಹಾಗೆ ಮಾಡಬೇಕು ಅಂದರೆ ಬೇಕಾಗುತ್ತದೆ.